ಮಗನಿಗೆ ಮೋಟಾರ್ ಗೊತ್ತಿಲ್ಲ, ಅಪ್ಪನಿಗೆ ಪಹಣಿ ತೆಗೆಯಲು ಬರಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಹಿರಿಯರು ‘ಈಗಿನವರಿಗೆ ಒಂದು ಕೆಲಸವೂ ಬರಲ್ಲ’ ಅಂತ ಬರೆದಿದ್ದಾರೆ. ಕಿರಿಯರು ‘ನಾವು ಮಾಡೋದು ಇವರ ಕಣ್ಣಿಗೆ ಕೆಲಸವೇ ಅಲ್ಲ’ ಅಂತ ಬರೆದಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಕಾಫಿ, ಮೆಣಸು. ಮಗ ಇಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪನಿಯಲ್ಲಿದ್ದಾನೆ, ತಿಂಗಳಲ್ಲಿ ಸ್ವಲ್ಪ ದಿನ ಮನೆಯಿಂದಲೇ ಕೆಲಸ. ಈ ವರ್ಷ ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟಿತು. ಸ್ಪ್ರಿಂಕ್ಲರ್ ಹಾಕೋಣ ಅಂದರೆ ಕೆರೆ ಹತ್ತಿರದ ಮೋಟಾರ್ ಸ್ಟಾರ್ಟ್ ಆಗಲಿಲ್ಲ. ನನಗೆ ಜ್ವರ ಇತ್ತು. ‘ಹೋಗಿ ನೋಡೋ’ ಅಂದರೆ, ಸ್ಟಾರ್ಟರ್‌ದು ಒಂದು ಫೋಟೋ ತೆಗೆದು ಎಲೆಕ್ಟ್ರೀಷಿಯನ್‌ಗೆ ಕಳಿಸಿ ಬಂದು ಕೂತ. ಎಲೆಕ್ಟ್ರೀಷಿಯನ್ ಬಂದಿದ್ದು ಮೂರನೇ ದಿನ. ನಮ್ಮ ಕಾಲದಲ್ಲಿ ಇದನ್ನೆಲ್ಲ ನಾವೇ ಮಾಡುತ್ತಿದ್ದೆವು. ಈಗಿನ ಹುಡುಗರು ಯಾಕೆ ಹೀಗೆ?
– ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಹೂವಿಗೆ ನೀರು ಬೇಕಾದ ಹೊತ್ತಲ್ಲಿ ಮೂರು ದಿನ ಅಂದರೆ ಸಣ್ಣ ಮಾತಲ್ಲ. ಆದರೆ ನಾನು ನಿಮ್ಮನ್ನೇ ಒಂದು ಕೇಳಬೇಕು. ಮೋಟಾರ್ ಕೆಲಸ ನಿಮಗೆ ಯಾರು ಹೇಳಿಕೊಟ್ಟರು?

ಬಹುಶಃ ಯಾರೂ ಕೂರಿಸಿ ಹೇಳಿಕೊಟ್ಟಿರಲಿಕ್ಕಿಲ್ಲ. ಮೆಕ್ಯಾನಿಕ್ ಪೇಟೆಯಲ್ಲಿ, ಪೇಟೆಗೆ ಹೋಗುವ ಬಸ್ಸು ಬೆಳಗ್ಗೆ ಒಂದು ಸಂಜೆ ಒಂದು, ಫೋನ್ ಅಂತೂ ಇರಲೇ ಇಲ್ಲ, ಆದ್ದರಿಂದ ಕೆಟ್ಟಿದ್ದನ್ನು ಅಪ್ಪನೋ ದೊಡ್ಡಪ್ಪನೋ ಬಿಚ್ಚುವಾಗ ನೀವು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿರಿ, ಸ್ಪ್ಯಾನರ್ ಕೊಟ್ಟಿರಿ, ಬೈಸಿಕೊಂಡಿರಿ, ಹಾಗೆ ಬಂತು. ನಿಮ್ಮ ಮಗ ಆ ವಯಸ್ಸಿನಲ್ಲಿ ಎಲ್ಲಿದ್ದ? ಹಾಸ್ಟೆಲ್‌ನಲ್ಲಿ, ಇಲ್ಲಾಂದ್ರೆ ಟ್ಯೂಷನ್‌ನಲ್ಲಿ. ರಜೆಗೆ ಬಂದಾಗಲೂ ‘ನೀನು ಓದ್ಕೋ, ಇದನ್ನೆಲ್ಲ ನಾನು ನೋಡ್ಕೋತೀನಿ’ ಅಂದವರು ನಾವೇ. ಮಲೆನಾಡಿನ ಮುಕ್ಕಾಲು ಮನೆಗಳಲ್ಲಿ ನಡೆದಿರುವುದು ಇದೇ. ಪ್ರೀತಿಯಿಂದಲೇ ಹಾಗೆ ಮಾಡಿದೆವು. ಆದರೆ ಹದಿನೈದು ವರ್ಷ ಕೈಗೆ ಸ್ಪ್ಯಾನರ್ ಕೊಡದೆ ಈಗ ಹಿಡಿಯೋಕೆ ಬರಲ್ಲ ಅಂದರೆ ಆ ಹುಡುಗನಿಗೆ ಅನ್ಯಾಯ.

ಇನ್ನೊಂದು ವಿಷಯ ಇದೆ. ಯಂತ್ರಗಳೂ ಬದಲಾಗಿವೆ. ನಿಮ್ಮ ಹಳೇ ಬೈಕಿನ ಕಾರ್ಬುರೇಟರ್ ಅಂಗಳದಲ್ಲೇ ಬಿಚ್ಚಿ, ಜೆಟ್ ಊದಿ, ತೊಳೆದು ಹಾಕಬಹುದಿತ್ತು. 2020ರ ಏಪ್ರಿಲ್ 1ರಿಂದ ಹೊಗೆ ಕಡಿಮೆ ಮಾಡುವ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಫ್ಯೂಯಲ್ ಇಂಜೆಕ್ಷನ್. ಸೆನ್ಸರ್ ಕೈಕೊಟ್ಟರೆ ಏನು ತಪ್ಪಾಗಿದೆ ಅಂತ ತಿಳಿಯಲಿಕ್ಕೇ ಸ್ಕ್ಯಾನರ್ ಬೇಕು. ಅಲ್ಲಿ ನೀವೂ ಶೋರೂಮಿಗೇ ಹೋಗುತ್ತೀರಿ, ಅಲ್ವಾ?

ತೋಟದ ಮೋಟಾರ್ ಮಾತ್ರ ಹಾಗಲ್ಲ, ಅದು ಈಗಲೂ ಮನೆಯವರೇ ನೋಡಬಹುದಾದ ಯಂತ್ರ. ಮುಂದಿನ ಸಲ ಮಗ ಬಂದಾಗ ಅವನನ್ನು ಸ್ಟಾರ್ಟರ್ ಮುಂದೆ ನಿಲ್ಲಿಸಿ, ನೀವು ಕೈ ಹಿಂದೆ ಕಟ್ಟಿಕೊಂಡು ನಿಂತುಕೊಳ್ಳಿ. ಮೊದಲು ಬೋರ್ಡಿನ ಮೇಲಿನ ಕೆಂಪು, ಹಳದಿ, ನೀಲಿ ದೀಪ ನೋಡಲಿ. ಮೂರರಲ್ಲಿ ಒಂದು ಆರಿದ್ದರೆ ಒಂದು ಫೇಸ್, ಅಂದರೆ ಕರೆಂಟಿನ ಮೂರು ಲೈನ್‌ಗಳಲ್ಲಿ ಒಂದು, ಇಲ್ಲ ಅಂತ, ಮೋಟಾರ್ ತಂಟೆಗೇ ಹೋಗಬಾರದು. ಮೂರೂ ಉರಿಯುತ್ತಿದ್ದು ಏನೂ ಸದ್ದಿಲ್ಲ ಅಂದರೆ ಹೊರೆ ಜಾಸ್ತಿಯಾದಾಗ ಕರೆಂಟ್ ಕಡಿಯುವ ಓವರ್‌ಲೋಡ್ ರಿಲೇ ಟ್ರಿಪ್ ಆಗಿರಬಹುದು. ರೀಸೆಟ್ ಒತ್ತಿ ಒಂದು ಸಲ ನೋಡಲಿ. ಮತ್ತೆ ಬಿದ್ದರೆ ಪದೇ ಪದೇ ಒತ್ತಬಾರದು, ಒಳಗೆ ಏನೋ ತೊಂದರೆ ಇದೆ. ಸ್ಟಾರ್ಟ್ ಕೊಟ್ಟಾಗ ‘ಗುಂಯ್’ ಅಂತ ಸದ್ದು ಮಾತ್ರ ಬಂದು ತಿರುಗದಿದ್ದರೆ ಆ ಕ್ಷಣವೇ ಆಫ್ ಮಾಡಬೇಕು. ಎರಡೇ ಫೇಸ್‌ನಲ್ಲಿ ನಿಂತ ಮೋಟಾರ್ ಕಾದು ಕಾದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಆ ಸದ್ದನ್ನು ಒಂದು ಸಲ ಕಿವಿಯಾರೆ ಕೇಳಿದವನು ಮರೆಯುವುದಿಲ್ಲ. ಫೋಟೋದಲ್ಲಿ ಅದು ಕೇಳಿಸುವುದೂ ಇಲ್ಲ. ಮೋಟಾರ್ ಚೆನ್ನಾಗಿ ತಿರುಗಿ ನೀರು ಬರದಿದ್ದರೆ ನೀರಲ್ಲಿ ಮುಳುಗಿರುವ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಕಸ ಸಿಕ್ಕಿಕೊಂಡಿರುತ್ತದೆ, ಅಥವಾ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ಪಂಪಿಗೆ ನೀರು ತುಂಬಿಸಿ ಮತ್ತೆ ಹಾಕಬೇಕು.

ಇಷ್ಟು ಅವನಿಗೆ ಅರ್ಧ ದಿನದ ಕಲಿಕೆ. ಇಂಜಿನಿಯರಿಂಗ್ ಓದಿದವನಿಗೆ ಫೇಸ್ ಅಂದರೇನು ಅಂತ ನಾವು ಹೇಳಬೇಕಿಲ್ಲ, ಕೈಗೆ ಅಭ್ಯಾಸ ಆಗಬೇಕು ಅಷ್ಟೇ. ತಪ್ಪು ಮಾಡುತ್ತಾನೆ, ಒಂದು ನಟ್ಟು ಕೆರೆಗೆ ಬೀಳಿಸುತ್ತಾನೆ. ಬೀಳಿಸಲಿ. ‘ಬಿಡು ಬಿಡು, ನಾನೇ ಮಾಡ್ತೀನಿ’ ಅಂತ ಕೈಯಿಂದ ಕಿತ್ತುಕೊಂಡರೆ ಕಲಿಕೆ ಅಲ್ಲಿಗೇ ಮುಗಿಯಿತು. ಕಂಬ ಹತ್ತುವುದು, ಟ್ರಾನ್ಸ್‌ಫಾರ್ಮರ್ ಫ್ಯೂಸ್ ಮುಟ್ಟುವುದು ಮಾತ್ರ ಬೇಡವೇ ಬೇಡ. ನಿಮ್ಮ ಕಾಲದಲ್ಲಿ ನೀವು ಮಾಡಿದ್ದಿರಬಹುದು, ಆದರೂ ಅದು ಲೈನ್‌ಮನ್ ಕೆಲಸ. ಹಳ್ಳಿಗಳಲ್ಲಿ ಆ ಧೈರ್ಯಕ್ಕೆ ಜೀವ ತೆತ್ತವರಿದ್ದಾರೆ.

ಪ್ರಶ್ನೆ: ನಾನು ಬಿಕಾಂ ಮುಗಿಸಿ ಹಾಸನದಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ. ನಮ್ಮಜ್ಜಿ ದಿನಾ ‘ಒಂದು ಮುದ್ದೆ ತಿರುವೋಕೆ ಬರಲ್ಲ, ಏನು ಓದಿದ್ಯೋ’ ಅಂತಾರೆ. ಅಪ್ಪನೂ ನಗುತ್ತಾರೆ. ಆದರೆ ಮನೆಯ ಪಹಣಿ, ಬೆಳೆ ಸಾಲ, ಕರೆಂಟ್ ಬಿಲ್, ಅಜ್ಜಿಯ ಪಿಂಚಣಿ ಎಲ್ಲ ನೋಡುವುದು ನಾನೇ. ಅಣ್ಣನಿಗೆ ಮುದ್ದೆಯೂ ಬರಲ್ಲ, ಪಹಣಿಯೂ ಬರಲ್ಲ. ಅವನನ್ನು ಯಾರೂ ಕೇಳಲ್ಲ. ಇದು ಸರೀನಾ?
– ಓದುಗರು, ಹೊಳೆನರಸೀಪುರ

ಉತ್ತರ: ಸರಿ ಅಲ್ಲ ತಾಯಿ. ನೀವು ಮಾಡುತ್ತಿರುವುದು ಪೂರಾ ಕೆಲಸ. ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದು 20 ವರ್ಷ ದಾಟಿತು. ಆದರೂ ಸರ್ವೆ ನಂಬರ್, ಹಿಸ್ಸಾ ನಂಬರ್ ಇಟ್ಟುಕೊಂಡು ತಮ್ಮ ಜಮೀನಿನ ಪಹಣಿಯನ್ನು ತಾವೇ ತೆಗೆದು, ಅದರಲ್ಲಿ ಹೆಸರು, ಎಕರೆ-ಗುಂಟೆ, ಸಾಲದ ಕಾಲಂ ಸರಿ ಇದೆಯಾ ಅಂತ ಓದಬಲ್ಲ ರೈತರು ಎಷ್ಟು ಮಂದಿ? ಹೆಚ್ಚಿನವರು ಇನ್ನೊಬ್ಬರ ಕೈ ಕಾಯುತ್ತಾರೆ. ಆ ಕೈ ನಿಮ್ಮದು. ಅಪ್ಪನಿಗೂ ಇದನ್ನು ಕಲಿಸಿ. ಮುಂದೆ ನೀವು ಬೇರೆ ಊರಿಗೆ ಹೋದ ದಿನ ಅವರು ಪರದಾಡಬಾರದು. ಒಟಿಪಿ ಯಾರಿಗೂ ಹೇಳಬಾರದು ಅನ್ನುವುದನ್ನು ಅಜ್ಜಿಗೆ ಮೊದಲು ಕಲಿಸಿ, ಯಾಕೆಂದರೆ ಪಿಂಚಣಿ ದುಡ್ಡಿಗೆ ಕಣ್ಣು ಹಾಕುವವರು ಬಹಳ.

ಹಾಗಂತ ಅಜ್ಜಿಯ ಮಾತು ಪೂರ್ತಿ ತಳ್ಳಿಹಾಕಬೇಡಿ. ಮುದ್ದೆ ಕಲಿಯಿರಿ, ಮದುವೆಗೆ ಅಂತ ಅಲ್ಲ, ನಿಮ್ಮ ಹೊಟ್ಟೆಗೆ. ಎಸರು ಮರಳಿದ ಮೇಲೆ ಹಿಟ್ಟು ಗುಡ್ಡೆಯಾಗಿ ಬಿಟ್ಟು, ಕೈ ಹಾಕದೆ ಬೇಯಲು ಬಿಟ್ಟು, ಆಮೇಲೆ ಕೋಲಿನಲ್ಲಿ ಗಂಟಿಲ್ಲದಂತೆ ತಿರುವುವುದು ಪುಸ್ತಕದಿಂದ ಬರುವ ವಿದ್ಯೆ ಅಲ್ಲ. ಹಿಟ್ಟು ಹೊಸದೋ ಹಳೆಯದೋ ನೋಡಿ ನೀರು ಹೆಚ್ಚು ಕಡಿಮೆ ಮಾಡುವುದು ಅಜ್ಜಿಯ ಕೈಯಲ್ಲಿದೆ. ಅವರು ಇರುವಾಗಲೇ ಕಲಿತುಬಿಡಿ. ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅಜ್ಜೀ, ಇಬ್ಬರಿಗೂ ಒಟ್ಟಿಗೇ ಹೇಳಿಕೊಡಿ, ಇಲ್ಲಾಂದ್ರೆ ನಂಗೂ ಬೇಡ’ ಅಂತ ಖಡಾಖಂಡಿತ ಹೇಳಿ. ಬೆಂಗಳೂರಿನ ರೂಮಿನಲ್ಲಿ ಮೂರು ಹೊತ್ತೂ ಹೋಟೆಲ್ ಊಟ ತಿಂದು ಹೊಟ್ಟೆ ಕೆಡಿಸಿಕೊಳ್ಳುವವರಲ್ಲಿ ಗಂಡುಮಕ್ಕಳೇ ಜಾಸ್ತಿ. ಸ್ವಾವಲಂಬನೆ ಅಂತ ಭಾಷಣ ಮಾಡುವ ಅಪ್ಪಂದಿರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರಶ್ನೆ: ಕೆಲಸ ಬಿಟ್ಟು ಬಂದು ಅಪ್ಪನ ಜೊತೆ ತೋಟ ನೋಡುತ್ತಿದ್ದೇನೆ. ಕಣದಲ್ಲಿ ಒಣಗಿಸುವ ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಅಪ್ಪ ಹಲ್ಲಲ್ಲಿ ಕಚ್ಚಿ ‘ಆಯ್ತು, ಚೀಲಕ್ಕೆ ತುಂಬು’ ಅಂತಾರೆ. ನಾನು ತೇವ ಅಳೆಯುವ ಮಾಯಿಶ್ಚರ್ ಮೀಟರ್ ತಂದೆ. ಅದು ಇನ್ನೂ ಒಣಗಬೇಕು ಅನ್ನುತ್ತೆ. ದಿನಾ ಜಗಳ. ಯಾರು ಸರಿ?
– ಸಕಲೇಶಪುರ

ಉತ್ತರ: ತಕ್ಕಡಿ ತನ್ನಿ. ಒಂದೇ ಡಬ್ಬದಲ್ಲಿ ದಿನಾ ಅದೇ ಹೊತ್ತಿಗೆ ತುಂಬಿ, ಮಟ್ಟ ಮಾಡಿ, ತೂಕ ಹಾಕಿ. ಒಣಗಿದಂತೆ ತೂಕ ಇಳಿಯುತ್ತಾ ಹೋಗುತ್ತದೆ. ಎರಡು ದಿನ ಒಂದೇ ತೂಕ ನಿಂತರೆ ಒಣಗಿದೆ ಅಂತ. ಇದು ಹಳೇ ಬೆಳೆಗಾರರ ಕ್ರಮವೇ, ಅಪ್ಪನೂ ಒಪ್ಪುತ್ತಾರೆ. ಪಾರ್ಚ್‌ಮೆಂಟ್‌ನಲ್ಲಿ ತೇವ ಶೇಕಡ 10ರ ಆಸುಪಾಸು ಇರಬೇಕು. ಜಾಸ್ತಿ ಇದ್ದರೆ ಗೋದಾಮಿನಲ್ಲಿ ಬೂಸ್ಟು.

ಮೀಟರ್ ಬಗ್ಗೆ ಒಂದು ಮಾತು. ಅದರಲ್ಲಿ ಪಾರ್ಚ್‌ಮೆಂಟ್‌ಗೂ, ಸಿಪ್ಪೆ ಸಮೇತ ಒಣಗಿಸಿದ ಚೆರ್ರಿಗೂ ಬೇರೆ ಬೇರೆ ಸೆಟ್ಟಿಂಗ್ ಇರುತ್ತದೆ. ಮಧ್ಯಾಹ್ನ ಕಣದಿಂದ ಬಿಸಿಬಿಸಿ ಬೀಜ ತೆಗೆದು ಹಾಕಿದರೆ ತಪ್ಪು ಲೆಕ್ಕ ತೋರಿಸಬಹುದು. ನೆರಳಲ್ಲಿ ತಣ್ಣಗಾಗಲು ಬಿಟ್ಟು ನೋಡಿ. ಆಮೇಲೆ ಒಂದು ಸೀಸನ್ ಪೂರ್ತಿ ಅಪ್ಪ ಕಚ್ಚಿ ಹೇಳಿದ್ದು, ಮೀಟರ್ ಹೇಳಿದ್ದು, ತಕ್ಕಡಿ ಹೇಳಿದ್ದು ಮೂರನ್ನೂ ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಅಪ್ಪ ಎಷ್ಟು ಹತ್ತಿರ ಹೇಳುತ್ತಾರೆ ಅಂತ ನಿಮಗೂ ತಿಳಿಯುತ್ತದೆ, ಎಲ್ಲಿ ತಪ್ಪುತ್ತಾರೆ ಅಂತ ಅವರಿಗೂ ತಿಳಿಯುತ್ತದೆ. ಈ ಜಗಳ ನಿಲ್ಲಲಿಕ್ಕೆ ಬೇರೆ ದಾರಿ ಇಲ್ಲ.

ಪ್ರಶ್ನೆ: ಮರಗಸಿಗೆ (ನೆರಳಿನ ಮರದ ಕೊಂಬೆ ಸವರುವುದು), ಗಿಡಕಸಿಗೆ (ಕಾಫಿ ಗಿಡ ಸವರುವುದು) ಊರಿನ ಹುಡುಗರು ಒಬ್ಬರೂ ಬರಲ್ಲ. ಅಸ್ಸಾಂ, ಜಾರ್ಖಂಡ್‌ನಿಂದ ಬಂದವರೇ ಗತಿ. ನಮ್ಮ ಹುಡುಗರಿಗೆ ಸೋಮಾರಿತನ ಹತ್ತಿದೆ ಅಂತೀನಿ. ನೀವೇನಂತೀರಿ?
– ಬೇಲೂರು ತಾಲ್ಲೂಕು

ಉತ್ತರ: ಒಪ್ಪಲ್ಲ. ಅದೇ ಹುಡುಗರು ಬೆಂಗಳೂರಿನಲ್ಲಿ ಮಳೆಯಲ್ಲಿ ನೆನೆಯುತ್ತಾ ರಾತ್ರಿ ಹನ್ನೊಂದರವರೆಗೆ ಊಟ ತಲುಪಿಸುತ್ತಾರೆ. ಸೋಮಾರಿಗಳು ಹಾಗೆ ಮಾಡಲ್ಲ. ಸಿಲ್ವರ್ ಓಕ್ ಮರದ ತುದಿಗೆ ಕತ್ತಿ ಸಿಕ್ಕಿಸಿಕೊಂಡು ಹತ್ತುವವನಿಗೆ ಸೊಂಟಕ್ಕೆ ಬೆಲ್ಟ್ ಕೊಟ್ಟಿದ್ದೀರಾ? ಬಿದ್ದರೆ ಆಸ್ಪತ್ರೆ ಖರ್ಚಿಗೆ ವಿಮೆ ಇದೆಯಾ? ಅವನನ್ನು ಕರೆಯುವಾಗ ಹೆಸರು ಹಿಡಿದು ಕರೆಯುತ್ತೀರಾ, ‘ಏಯ್’ ಅಂತೀರಾ? ಮರಗಸಿ ಅಂದರೆ ಸುಮ್ನೆ ಕೊಂಬೆ ಕಡಿಯುವುದಲ್ಲ, ಯಾವ ಕೊಂಬೆ ತೆಗೆದರೆ ಗಿಡಕ್ಕೆ ಬೆಳಕು ಬೀಳುತ್ತದೆ, ಕಡಿದದ್ದು ಕಾಫಿ ಗಿಡದ ಮೇಲೆ ಬೀಳದೆ ಎಲ್ಲಿ ಬೀಳಬೇಕು ಅಂತ ಮೇಲೆ ನಿಂತು ಲೆಕ್ಕ ಹಾಕಬೇಕು. ಆ ತಿಳಿವಳಿಕೆಗೆ ತಕ್ಕ ಕೂಲಿ, ಮರ್ಯಾದೆ ಎರಡೂ ಕೊಟ್ಟು ನೋಡಿ. ನಿಮ್ಮ ಮಗನನ್ನು ಆ ಮರ ಹತ್ತಿಸಲು ನೀವು ಹೆದರುತ್ತೀರಿ ಅಂದರೆ, ಬೇರೆಯವರ ಮನೆಯಲ್ಲೂ ಹೆದರುತ್ತಾರೆ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿ. ಐಟಿಐ ಎಲೆಕ್ಟ್ರೀಷಿಯನ್ ಮಾಡ್ತೀನಿ ಅಂತ ಹಠ. ನೆಂಟರೆಲ್ಲ ‘ಓದು ಹತ್ತದವರು ಸೇರೋದು ಅದಕ್ಕೆ’ ಅಂತ ಆಡಿಕೊಳ್ಳುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಕಳಿಸಿ. ಮಕ್ಕಳಿಗೆ ಕೈಕೆಲಸ ಬರಲ್ಲ ಅಂತ ದೂರುವವರೂ, ಕೈಕೆಲಸ ಕಲಿಯಲು ಹೊರಟವನನ್ನು ಆಡಿಕೊಳ್ಳುವವರೂ ಬಹಳ ಸಲ ಒಂದೇ ಜನ. ನನಗೆ ಎಲ್ಲಕ್ಕಿಂತ ಬೇಜಾರು ಇದೇ.

ಎಲೆಕ್ಟ್ರೀಷಿಯನ್ ಎರಡು ವರ್ಷದ ಕೋರ್ಸು. ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳಲ್ಲಿ, ರೈಲ್ವೆಯಲ್ಲಿ ಸ್ಟೈಪೆಂಡ್ ತೆಗೆದುಕೊಂಡು ಕಲಿಯಬಹುದು. ನಿಮ್ಮದು ರೈಲ್ವೆ ಜಂಕ್ಷನ್ ಊರು, ಅಸಿಸ್ಟೆಂಟ್ ಲೋಕೋ ಪೈಲಟ್ (ರೈಲು ಓಡಿಸುವವರ ಸಹಾಯಕ) ಹುದ್ದೆಗೆ ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಆದವರೂ ಅರ್ಜಿ ಹಾಕಬಹುದು ಅಂತ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮುಂದೆ ಓದುವ ಮನಸ್ಸು ಬಂದರೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಇದೆ.

ಸೇರಿಸುವ ಮೊದಲು ಒಂದು ಕೆಲಸ ಮಾಡಿ. ಮಗನನ್ನು ಕರೆದುಕೊಂಡು ಹತ್ತಿರದ ಸರ್ಕಾರಿ ಐಟಿಐಗೂ, ಖಾಸಗಿಯದಕ್ಕೂ ಹೋಗಿ ವರ್ಕ್‌ಶಾಪ್ ನೋಡಿ. ಮೋಟಾರುಗಳು ಬಿಚ್ಚಿ ಬಿದ್ದಿವೆಯಾ, ಹುಡುಗರು ತಾವೇ ವೈಂಡಿಂಗ್ ಮಾಡುತ್ತಿದ್ದಾರಾ, ಇಲ್ಲ ಎಲ್ಲವೂ ಗಾಜಿನ ಬೀರುವಿನಲ್ಲಿ ಧೂಳು ಹಿಡಿದು ಕೂತಿವೆಯಾ? ಅಲ್ಲಿ ಓದುತ್ತಿರುವ ಹುಡುಗರ ಹತ್ತಿರವೇ ಕೇಳಿ, ಮೇಷ್ಟ್ರ ಹತ್ತಿರ ಬೇಡ. ಜಾತಿ-ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ಈಗಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೊಳ್ಳಿ, ಫಲಿತಾಂಶ ಬಂದ ವಾರ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ.