ತುದಿ ಯಾವುದು, ತುಂಡು ಯಾವುದು?

ಪ್ರಶ್ನೆ: ಡಿಎನ್‌ಎ ತುಂಡಾದರೆ ಜೀವಕೋಶವು ಅದನ್ನು ಪತ್ತೆಹಚ್ಚಿ ಬೆಸೆಯುತ್ತದೆ ಎಂದು ಪಿಯುಸಿ ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು, “ಮೇಡಂ, ವರ್ಣತಂತುವಿಗೆ ಮೊದಲಿನಿಂದಲೂ ಎರಡು ತುದಿಗಳಿವೆಯಲ್ಲ, ಅವನ್ನೂ ತುಂಡೆಂದು ತಿಳಿದು ಬೆಸೆದುಬಿಡುವುದಿಲ್ಲವೇ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ವಿವರಿಸಿ.
— ಉಪನ್ಯಾಸಕಿ, ಮಲ್ಲೇಶ್ವರ, ಬೆಂಗಳೂರು

ಉತ್ತರ: ಆ ವಿದ್ಯಾರ್ಥಿನಿಗೆ ನಮ್ಮ ಅಭಿನಂದನೆ ತಿಳಿಸಿ, ವಿಜ್ಞಾನಿಗಳನ್ನು ದಶಕಗಳ ಕಾಲ ಕಾಡಿದ ಪ್ರಶ್ನೆಯನ್ನೇ ಆಕೆ ಕೇಳಿದ್ದಾಳೆ. ನಮ್ಮ ದೇಹದ ಒಂದು ಸಾಮಾನ್ಯ ಜೀವಕೋಶದಲ್ಲಿ 46 ವರ್ಣತಂತುಗಳು (ಡಿಎನ್‌ಎಯನ್ನು ಹೊತ್ತ ಕ್ರೋಮೋಸೋಮುಗಳು), ಅಂದರೆ 92 ತುದಿಗಳಿವೆ. ಡಿಎನ್‌ಎಯ ಎರಡೂ ಎಳೆಗಳು ಕಡಿದುಹೋದರೆ ವಿಭಜನೆಯನ್ನೇ ತಡೆಹಿಡಿಯುವ ಕೋಶವು ಈ 92 ತುದಿಗಳ ವಿಷಯದಲ್ಲಿ ಮಾತ್ರ ಸುಮ್ಮನಿರುತ್ತದೆ.

ಮಗ್ಗದಿಂದ ಇಳಿದ ರೇಷ್ಮೆ ಸೀರೆಯ ಸೆರಗಿನಂಚಿನಲ್ಲಿ ಬಿಡಿ ಎಳೆಗಳು ಜೋತಾಡುತ್ತಿರುತ್ತವೆ. ನೇಯ್ಗೆ ಬಿಚ್ಚಿಕೊಳ್ಳದಿರಲೆಂದು ಕುಚ್ಚು ಕಟ್ಟುವವರು ಅವನ್ನು ಹಿಡಿಹಿಡಿಯಾಗಿ ಸೇರಿಸಿ, ಬೆರಳಿನಿಂದ ಹೊಸೆದು ಗಂಟು ಹಾಕುತ್ತಾರೆ. ವರ್ಣತಂತುವಿಗೂ ಇಂಥ ಕುಚ್ಚುಂಟು, ಅದೇ ಟೆಲೋಮಿಯರ್. ಈ ಹೆಸರನ್ನು 1938ರಲ್ಲಿ ಕೊಟ್ಟವರು ತಳಿವಿಜ್ಞಾನಿ ಹರ್ಮನ್ ಮುಲ್ಲರ್. ಎಕ್ಸ್-ಕಿರಣ ತಾಗಿಸಿದ ಹಣ್ಣುನೊಣಗಳಲ್ಲಿ ತುಂಡಾದ ತುದಿಗಳು ಒಂದಕ್ಕೊಂದು ಅಂಟಿಕೊಂಡರೂ ಸಹಜ ತುದಿಗಳು ಅಂಟಿಕೊಳ್ಳದಿದ್ದುದನ್ನು ಅವರು ಗಮನಿಸಿದ್ದರು.

ಮನುಷ್ಯರಲ್ಲಿ ಟಿಟಿಎಜಿಜಿಜಿ ಎಂಬ, ಡಿಎನ್‌ಎ ಲಿಪಿಯ ಆರಕ್ಷರದ ಸಾಲು ವರ್ಣತಂತುವಿನ ತುದಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕೊನೆಯಲ್ಲಿ ಒಂದು ಎಳೆ ಇನ್ನೊಂದಕ್ಕಿಂತ ಉದ್ದವಾಗಿ ಚಾಚಿಕೊಂಡಿದ್ದು, ಅದು ಹಿಂದಕ್ಕೆ ಬಾಗಿ ಜೋಡಿ ಎಳೆಗಳ ನಡುವೆ ತೂರಿಕೊಂಡು ಕುಣಿಕೆಯಾಗುತ್ತದೆ. ಹೀಗೆ ತುದಿಯೇ ಮರೆಯಾಗುವುದರಿಂದ ಕಾವಲಿನ ಪ್ರೋಟೀನುಗಳಿಗೆ ಅಲ್ಲಿ ತುಂಡು ಕಾಣುವುದಿಲ್ಲ. 1999ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಕುಣಿಕೆಯನ್ನು ಕಣ್ಣಾರೆ ಕಾಣಲಾಯಿತು. ಇದನ್ನು ಕಾಯುವುದು ಶೆಲ್ಟರಿನ್ ಎಂಬ, ಆರು ಪ್ರೋಟೀನುಗಳ ಕೂಟ. ನನಗೆ ಎಲ್ಲಕ್ಕಿಂತ ಅಚ್ಚರಿಯೆನಿಸುವುದು ಬೇರೊಂದು ಸಂಗತಿ: ತುಂಡಾದ ತುದಿಗಳನ್ನು ಹಿಡಿದು ಬೆಸುಗೆಗೆ ಅಣಿಗೊಳಿಸುವ ‘ಕು’ ಎಂಬ ಪ್ರೋಟೀನು ಟೆಲೋಮಿಯರಿನ ಬಳಿಯೂ ಇರುತ್ತದೆ, ಆದರೆ ಅಲ್ಲಿ ಬೆಸೆಯಲು ಶೆಲ್ಟರಿನ್ ಬಿಡುವುದಿಲ್ಲ.

ಇನ್ನು, “ಬೆಸೆದುಬಿಡುವುದಿಲ್ಲವೇ” ಎಂಬ ಸಂದೇಹಕ್ಕೆ ನೇರ ಉತ್ತರ: ಕೆಲವೊಮ್ಮೆ ಬೆಸೆದುಬಿಡುತ್ತದೆ. ಟೆಲೋಮಿಯರನ್ನು ಮತ್ತೆ ಉದ್ದ ಮಾಡುವ ಟೆಲೋಮರೇಸ್ ಎಂಬ ಕಿಣ್ವವು ಸುಮ್ಮನಿರುವ ಕೋಶಗಳಲ್ಲಿ ಪ್ರತಿ ವಿಭಜನೆಗೂ ಟೆಲೋಮಿಯರ್ ಒಂದಿಷ್ಟು ಸವೆಯುತ್ತದೆ. ಅದು ತೀರ ಗಿಡ್ಡವಾದಾಗ ಸಾಮಾನ್ಯವಾಗಿ ಕೋಶವು ವಿಭಜನೆಯನ್ನೇ ನಿಲ್ಲಿಸುತ್ತದೆ. ಆ ತಡೆ ಮುರಿದಿದ್ದರೆ ಬರಿದಾದ ತುದಿಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಹಾಗೆ ಜೋಡಿಯಾದ ವರ್ಣತಂತುವನ್ನು ಮುಂದಿನ ವಿಭಜನೆಯು ಎರಡೂ ಕಡೆಗೆ ಎಳೆದಾಗ ಅದು ಮತ್ತೆಲ್ಲೋ ಹರಿದು, ಹರಿದಲ್ಲಿ ಮತ್ತೆ ಬೆಸೆದುಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ತಳಿವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಗುರುತಿಸಿದ ಈ ಹರಿದು ಬೆಸೆಯುವ ಸರಣಿಯನ್ನು ಇಂದು ಕ್ಯಾನ್ಸರ್ ಕೋಶಗಳಲ್ಲೂ ಕಾಣುತ್ತಿದ್ದೇವೆ.