ತೀರಿಕೊಂಡ ಅಪ್ಪನ ಬಗ್ಗೆ ನಾಲ್ಕು ಮಾತು ಆಡಬೇಕು, ಏನಂತ ಬರೆಯಲಿ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪ ಹೋಗಿ ಎರಡು ವಾರ ಆಗಿದೆ. ಮುಂದಿನ ವಾರ ಮನೆಯವರು, ಸ್ನೇಹಿತರು ಎಲ್ಲ ಸೇರುತ್ತಾರೆ, ಅಲ್ಲಿ ನೀವು ಮಾತಾಡಬೇಕು. ‘ಒಳ್ಳೆ ಗಂಡ, ಒಳ್ಳೆ ಅಪ್ಪ, ಒಳ್ಳೆ ತಾತ ಆಗಿದ್ದರು’ ಅನ್ನುವ ಸಾಲಿನಿಂದ ಮುಂದಕ್ಕೆ ಹೋಗಲು ಆಗುತ್ತಿಲ್ಲ ಅಂದಿದ್ದೀರಿ. ನಾಲ್ಕು ವರ್ಷದ ಮಗನಿಗೆ ತಾತ ನೆನಪಿರುತ್ತಾರಾ ಅಂತ ಕೇಳಿದ್ದೀರಿ. ನಡುನಡುವೆ ನಗು ಬರುತ್ತದೆ, ಕೆಲಸವೂ ಸಾಗುತ್ತಿದೆ, ಇದು ತಪ್ಪಾ ಅಂತಲೂ ಕೇಳಿದ್ದೀರಿ.

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಪ್ಪಲ್ಲ. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶುಟ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಇದರ ಬಗ್ಗೆಯೇ ಬರೆದರು. ದುಃಖದಲ್ಲಿರುವವರು ಒಂದಷ್ಟು ಹೊತ್ತು ಹೋದವರ ನೆನಪಿನಲ್ಲಿ ಮುಳುಗುತ್ತಾರೆ, ಒಂದಷ್ಟು ಹೊತ್ತು ದಿನದ ಕೆಲಸಕ್ಕೆ ಬರುತ್ತಾರೆ, ಮತ್ತೆ ಮುಳುಗುತ್ತಾರೆ. ಹೀಗೆ ಹೋಗಿ ಬಂದು ಮಾಡುವುದೇ ಸಹಜ ಅಂತ ಅವರ ಮಾತು. ನಗು ಬಂದರೆ ನಗಿ. ಅದರಿಂದ ಅಪ್ಪನ ಮೇಲಿನ ಪ್ರೀತಿ ಕಮ್ಮಿ ಆಗುವುದಿಲ್ಲ.

ಈಗ ಬರೆಯುವ ವಿಷಯ. ನನ್ನ ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ನಾನೂ ಅದೇ ಸಾಲಿಗೆ ಬಂದು ನಿಂತಿದ್ದೆ. ಅದು ಸುಳ್ಳು ಸಾಲಲ್ಲ. ಆದರೆ ಅದನ್ನು ಓದಿದಾಗ ನನ್ನ ಅಪ್ಪನ ಮುಖ ಕಣ್ಣ ಮುಂದೆ ಬರುತ್ತಿರಲಿಲ್ಲ. ಯಾಕೆ ಅಂತ ಎರಡು ದಿನ ಕೂತು ಯೋಚಿಸಿದ ಮೇಲೆ ಗೊತ್ತಾಯಿತು. ನನಗೆ ಗೊತ್ತಿದ್ದದ್ದು ಅಪ್ಪ ಮಾತ್ರ. ಅಮ್ಮನ ಗಂಡನನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಮಗಳ ತಾತನನ್ನೂ ಅರ್ಧಂಬರ್ಧ ನೋಡಿದ್ದೆ ಅಷ್ಟೆ. ಗೊತ್ತಿಲ್ಲದವರ ಬಗ್ಗೆ ಬರೆಯಲು ಹೋದರೆ ‘ಒಳ್ಳೆಯವರು’ ಅನ್ನುವುದು ಬಿಟ್ಟು ಬೇರೆ ಏನು ಬರುತ್ತದೆ ಹೇಳಿ?

ಅದಕ್ಕೆ ಪೆನ್ನು ಪಕ್ಕಕ್ಕಿಟ್ಟು ಅಮ್ಮನ ಹತ್ತಿರ ಹೋಗಿ ಕೂತೆ. ‘ಅಪ್ಪ ಹೇಗಿದ್ರು’ ಅಂತ ಕೇಳಿದರೆ ಅವಳೂ ‘ಒಳ್ಳೆಯವರಿದ್ರು ಕಣೋ’ ಅಂದು ಸುಮ್ಮನಾದಳು. ಹಾಗೆ ಕೇಳಬಾರದು ಅಂತ ಆಗ ಹೊಳೆಯಿತು. ಹಳೆಯ ಫೋಟೊಗಳ ಆಲ್ಬಂ ತಂದು ಮಡಿಲಲ್ಲಿಟ್ಟೆ. ಅವಳು ಒಂದೊಂದೇ ಪುಟ ತಿರುಗಿಸುತ್ತಾ ಹೋದಳು. ಒಂದು ಕಡೆ ಬೆರಳಿಟ್ಟು, ‘ನೋಡು, ಇಲ್ಲೂ ನನ್ನ ಬಲಗಡೆಗೇ ನಿಂತಿದ್ದಾರೆ’ ಅಂದಳು.

ಅಮ್ಮನಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಮದುವೆಗೆ ಮುಂಚೆಯೇ ಹಾಗೆ. ಆಗ ಅದನ್ನು ಹೇಳಿಕೊಳ್ಳಲು ಅವಳಿಗೆ ನಾಚಿಕೆ ಇತ್ತಂತೆ. ಮದುವೆಯಾದ ಮೊದಲ ವಾರದಲ್ಲೇ ಅಪ್ಪನಿಗೆ ಗೊತ್ತಾಗಿದೆ. ಅವರು ಏನೂ ಕೇಳಲಿಲ್ಲ. ನಡೆಯುವಾಗ, ಕೂರುವಾಗ, ಫೋಟೊಗೆ ನಿಲ್ಲುವಾಗ ಅವಳ ಬಲಕ್ಕೆ ಬರಲು ಶುರು ಮಾಡಿದರು. ಕೊನೆಯವರೆಗೂ ಹಾಗೇ. ಒಂದೇ ಮನೆಯಲ್ಲಿ ಬೆಳೆದ ನಮಗೆ, ಮೂರು ಜನ ಮಕ್ಕಳಿಗೆ, ಇದು ಕಣ್ಣಿಗೆ ಬಿದ್ದೇ ಇರಲಿಲ್ಲ. ಆಮೇಲೆ ಇಡೀ ಆಲ್ಬಂ ತಿರುವಿ ನೋಡಿದೆ. ಅವರಿಬ್ಬರೇ ಇರುವ ಹನ್ನೊಂದು ಫೋಟೊ ಇದ್ದವು. ಹನ್ನೊಂದರಲ್ಲೂ ಅಪ್ಪ ಅವಳ ಬಲಗಡೆ.

ಆ ದಿನ ನಾನು ‘ಒಳ್ಳೆ ಗಂಡ’ ಅನ್ನುವ ಮಾತನ್ನು ಹೊಡೆದುಹಾಕಿ ಇದನ್ನು ಬರೆದೆ. ನೀವೂ ಹಾಗೇ ಮಾಡಿ. ಅಮ್ಮನನ್ನು ಗುಣದ ಬಗ್ಗೆ ಕೇಳಬೇಡಿ, ದಿನದ ಬಗ್ಗೆ ಕೇಳಿ. ಬೆಳಿಗ್ಗೆ ಎದ್ದ ತಕ್ಷಣ ಏನು ಮಾಡ್ತಿದ್ರು? ನಿಮಗೆ ಹುಷಾರಿಲ್ಲದಾಗ ಏನು ಮಾಡಿದ್ರು? ಯಾವ ವಿಷಯಕ್ಕೆ ಜಗಳ ಆಗ್ತಿತ್ತು? ಕೈಗೆ ಏನಾದರೂ ಒಂದು ಕೊಡಿ, ಫೋಟೊ, ಅವರ ಕನ್ನಡಕ, ಅವರು ಬರೆದಿಟ್ಟ ಡೈರಿ. ವಸ್ತು ಕೈಯಲ್ಲಿದ್ದರೆ ಮಾತು ತಾನಾಗಿ ಬರುತ್ತದೆ. ಅಮ್ಮನಿಗೆ ಮಾತಾಡಲು ಆಗದಿದ್ದರೆ ಬಲವಂತ ಬೇಡ. ಸುಮ್ನೆ ಪಕ್ಕದಲ್ಲಿ ಕೂತು ಬನ್ನಿ, ನಾಳೆ ಮತ್ತೆ ಹೋಗಿ.

ಅಪ್ಪನ ತಪ್ಪುಗಳನ್ನು ಹೇಳಬೇಕಾ ಅಂತ ನೀವು ಕೇಳಿಲ್ಲ. ಆದರೂ ಬರೆಯಲು ಕೂತಾಗ ಅದು ಬಂದೇ ಬರುತ್ತದೆ. ನನ್ನ ಅಪ್ಪ ಸಿಟ್ಟು ಬಂದರೆ ಮಾತು ಬಿಡುತ್ತಿದ್ದರು. ನಾನು ಓದನ್ನು ಅರ್ಧಕ್ಕೆ ಬಿಟ್ಟಾಗ ಆರು ತಿಂಗಳು ನನ್ನ ಜೊತೆ ಒಂದು ಮಾತಾಡಲಿಲ್ಲ. ಅದು ನನಗೆ ತುಂಬಾ ನೋವು ಕೊಟ್ಟಿತ್ತು, ಈಗಲೂ ಅದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಆರು ತಿಂಗಳೂ ನಾನು ರಾತ್ರಿ ಎಷ್ಟು ತಡವಾಗಿ ಬಂದರೂ ಹೊರಗಿನ ದೀಪ ಉರಿಯುತ್ತಿತ್ತು. ನಾನು ಒಳಗೆ ಬಂದು ಚಿಲಕ ಹಾಕಿದ ಸದ್ದಾದ ಮೇಲೆ ಅವರ ಕೋಣೆಯಲ್ಲಿ ಮಂಚ ಕಿರ್ ಅನ್ನುತ್ತಿತ್ತು. ಅಲ್ಲಿಯವರೆಗೆ ಅವರು ಕೂತೇ ಇರುತ್ತಿದ್ದರು. ಎರಡನ್ನೂ ಜೊತೆಯಲ್ಲೇ ಹೇಳಿದೆ. ಹೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಚಿಕ್ಕಪ್ಪ ಮಾತ್ರ ಎದ್ದು ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದರು. ಅಪ್ಪ ಅವರ ಜೊತೆಗೂ ಒಮ್ಮೆ ಹಾಗೇ ಮಾತು ಬಿಟ್ಟಿದ್ದರಂತೆ. ಹಾಗಂತ ಮನೆಯವರ ಮನಸ್ಸಿಗೆ ಗಾಯ ಮಾಡುವ ಹಳೆಯ ಲೆಕ್ಕಗಳನ್ನೆಲ್ಲ ಅಲ್ಲಿ ತೆಗೆಯಬೇಡಿ. ಅದಕ್ಕೆ ಬೇರೆ ದಿನ, ಬೇರೆ ಜಾಗ ಇದೆ.

ಇನ್ನು ನಿಮ್ಮ ಮಗ. ಇದೇ ನನಗೆ ಜಾಸ್ತಿ ಮುಖ್ಯ ಅನಿಸುವ ವಿಷಯ. ದೊಡ್ಡವರನ್ನು ‘ನಿಮ್ಮ ಮೊಟ್ಟಮೊದಲ ನೆನಪು ಯಾವುದು’ ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಮೂರು, ಮೂರೂವರೆ ವರ್ಷದಲ್ಲಿ ಆದದ್ದನ್ನು. ಅದಕ್ಕೂ ಹಿಂದಿನದು ಸಾಮಾನ್ಯವಾಗಿ ಉಳಿಯುವುದಿಲ್ಲ. ಇನ್ನೊಂದು ಸಂಗತಿ ಇದೆ. ಐದಾರು ವರ್ಷದ ಮಗು ಮೂರನೇ ವರ್ಷದಲ್ಲಿ ಆದದ್ದನ್ನು ಸಾಕಷ್ಟು ಹೇಳುತ್ತದೆ. ಅದೇ ಮಗು ಎಂಟೊಂಬತ್ತಕ್ಕೆ ಬರುವಾಗ ಅದರಲ್ಲಿ ಬಹಳಷ್ಟು ಮರೆತಿರುತ್ತದೆ. ಅಂದರೆ ನಿಮ್ಮ ಮಗನಿಗೆ ಈಗ ತಾತ ನೆನಪಿದ್ದಾರೆ. ಹಾಗೇ ಬಿಟ್ಟರೆ ಮಸುಕಾಗುತ್ತಾ ಹೋಗುತ್ತಾರೆ. ಮನೆಯಲ್ಲಿ ಆಗಾಗ ಆ ಮಾತು ಬರುತ್ತಿದ್ದರೆ, ‘ಆಮೇಲೆ ತಾತ ಏನು ಮಾಡಿದ್ರು, ನೀನೇನಂದೆ’ ಅಂತ ಅವನಿಂದಲೇ ಹೇಳಿಸುತ್ತಿದ್ದರೆ ಉಳಿಯುವ ಸಾಧ್ಯತೆ ಜಾಸ್ತಿ.

ನನ್ನ ಮಗಳಿಗೆ ಆಗ ಐದು ವರ್ಷ. ತಾತನ ಬಗ್ಗೆ ಒಂದು ಹೇಳು ಅಂದೆ. ‘ತಾತ ಪೆನ್ಸಿಲ್ ಚೂಪು ಮಾಡಿ ಕೈಗೆ ಚುಚ್ಕೊಂಡು ನೋಡ್ತಿದ್ರು’ ಅಂದಳು. ಯಾಕೆ ಅಂದೆ. ‘ನಂಗೆ ಚುಚ್ಚಬಾರದಲ್ವಾ, ಅದಕ್ಕೆ.’ ಅಪ್ಪ ಬ್ಲೇಡಿನಲ್ಲಿ ಪೆನ್ಸಿಲ್ ಕೆತ್ತುವುದನ್ನು ನಾನೂ ನೋಡಿದ್ದೆ, ಆದರೆ ಇದನ್ನು ನೋಡಿರಲಿಲ್ಲ. ಕೊನೆಯ ದಿನಗಳಲ್ಲಿ ಒದ್ದೆ ಬಟ್ಟೆಯಿಂದ ಅವರ ಕೈ ಒರೆಸುತ್ತಿದ್ದೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಮೂರು ಬೂದು ಚುಕ್ಕೆ ಇದ್ದವು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ವಯಸ್ಸಿನ ಕಲೆ ಇರಬೇಕು ಅಂದುಕೊಂಡಿದ್ದೆ. ಪೆನ್ಸಿಲ್ ಮೊನೆ ಚರ್ಮದೊಳಗೆ ಹೋದರೆ ಅದರ ಗುರುತು ಹಾಗೇ ಉಳಿಯುತ್ತದೆ. ಅವಳ ಮಾತನ್ನು ಅವಳದೇ ಶಬ್ದದಲ್ಲಿ ಬರೆದುಕೊಂಡೆ, ಒಂದಕ್ಷರ ತಿದ್ದಲಿಲ್ಲ. ಈಗ ಅವಳಿಗೆ ಎಂಟು. ಮೊನ್ನೆ ಕೇಳಿದರೆ ತಾತನ ಬ್ಲೇಡು ನೆನಪಿದೆ, ಚುಚ್ಚಿಕೊಳ್ಳುತ್ತಿದ್ದದ್ದು ನೆನಪಿಲ್ಲ. ಬರೆದಿಟ್ಟ ಹಾಳೆ ತೆಗೆದು ಓದಿ ಹೇಳಿದೆ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಮಕ್ಕಳಿಗೆ ಕೇಳಲು 20 ಪ್ರಶ್ನೆ ಮಾಡಿದ್ದರು. ಅಜ್ಜ ಅಜ್ಜಿ ಎಲ್ಲಿ ಬೆಳೆದರು, ಅಪ್ಪ ಅಮ್ಮ ಎಲ್ಲಿ ಭೇಟಿಯಾದರು, ಅಂಥವು. ಮನೆಯ ಕಥೆ ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ತಮ್ಮ ಮೇಲಿನ ನಂಬಿಕೆಯೂ ಹೆಚ್ಚಿಗೆ ಕಂಡಿತು. ಹಾಗಾಗಿ ನೀವು ಬರೆಯುವುದು ಆ ಒಂದು ದಿನಕ್ಕೆ ಮಾತ್ರ ಅಂದುಕೊಳ್ಳಬೇಡಿ. ಅದರ ನಿಜವಾದ ಓದುಗ ಇನ್ನು ಹತ್ತು ವರ್ಷ ಬಿಟ್ಟು ಬರುವ ನಿಮ್ಮ ಮಗ.

ಅಪ್ಪನ ಧ್ವನಿಯನ್ನು ಮಾತ್ರ ತಡ ಮಾಡದೆ ಉಳಿಸಿಕೊಳ್ಳಿ. ವಾಟ್ಸಾಪ್ ಖಾತೆ 120 ದಿನ ಬಳಕೆಯಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನೂ, ಅದರಲ್ಲಿರುವ ಫೋಟೊಗಳ ಸಮೇತ, ಕಂಪನಿ ಅಳಿಸಬಹುದು. ಅಪ್ಪ ಕಳಿಸಿದ ವಾಯ್ಸ್ ಮೆಸೇಜುಗಳು ನಿಮ್ಮ ಫೋನಿನಲ್ಲಿ ಇರಬಹುದು, ಆದರೆ ಫೋನ್ ಬದಲಿಸಿದಾಗ ಕಳೆದುಹೋಗಬಹುದು. ಬೇರೆ ಕಡೆ ಒಂದು ಕಾಪಿ ಇಡಿ. ಈಗ ಕೇಳಲು ಧೈರ್ಯ ಬರದಿದ್ದರೆ ಕೇಳಬೇಡಿ, ಇಟ್ಟುಕೊಂಡಿರಿ. ‘ಎಲ್ಲಿದೀಯಾ, ಊಟ ಆಯ್ತಾ’ ಅನ್ನುವ ಎಂಟು ಸೆಕೆಂಡಿನ ಮೆಸೇಜನ್ನು ನಾನು ಕೇಳಿದ್ದು ಒಂದು ವರ್ಷ ಬಿಟ್ಟು.

ಎಷ್ಟು ಉದ್ದ ಇರಬೇಕು ಅಂದರೆ, ನಾನು ಬರೆದದ್ದು ಸುಮಾರು 450 ಪದ. ಕನ್ನಡಿ ಮುಂದೆ ನಿಂತು ಓದಿದಾಗ ಐದು ನಿಮಿಷ, ಆ ದಿನ ಗಂಟಲು ಕಟ್ಟಿ ಏಳಾಯಿತು. ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ. ಇನ್ನೊಂದು ಪ್ರತಿಯನ್ನು ತಂಗಿಗೋ ತಮ್ಮನಿಗೋ ಕೊಟ್ಟಿರಿ, ನಿಮಗೆ ಆಗದಿದ್ದರೆ ಅವರು ಮುಂದುವರಿಸುತ್ತಾರೆ. ನನ್ನ ಕೊನೆಯ ಪ್ಯಾರಾ ಓದಿದ್ದು ತಂಗಿ.

ಇನ್ನೂ ಒಂದು ವಾರ ಇದೆ. ಮೊದಲು ಮಗನನ್ನು ಕೂರಿಸಿಕೊಂಡು ಕೇಳಿ. ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ಕೆಳಗೆ ತಾರೀಖು ಹಾಕಿ.