ಗಲ್ಫ್‌ನ ಸಿಮ್, ಊರಿನ ಒಟಿಪಿ, ಹೋಗದ ವಾಟ್ಸಾಪ್ ಕರೆ: ನಿಮ್ಮ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ (ಕುಂದಾಪುರದಿಂದ): ಮಗ ದುಬೈಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ವಾಟ್ಸಾಪ್‌ನಲ್ಲಿ ಮೆಸೇಜು, ಫೋಟೊ, ವಾಯ್ಸ್ ಮೆಸೇಜು ಎಲ್ಲ ಬರುತ್ತದೆ. ಕರೆ ಮಾಡಿದರೆ ಮಾತ್ರ ರಿಂಗ್ ಆಗಿ ಅಲ್ಲೇ ನಿಂತುಬಿಡುತ್ತದೆ. ಆದರೆ ನಮ್ಮ ಭಾವನ ಮಗ ಟೂರಿಗೆ ಹೋದಾಗ ಅದೇ ದುಬೈಯಿಂದ ವಿಡಿಯೊ ಕಾಲ್ ಮಾಡಿದ್ದ. ವಿಪಿಎನ್ ಹಾಕಿಸಿ ಅನ್ನುತ್ತಾರೆ. ಹಾಕಿಸಬಹುದೇ?

ಉತ್ತರ: ವಿಪಿಎನ್ (ಬೇರೆ ಕಡೆಯ ಸರ್ವರ್ ಮೂಲಕ ಇಂಟರ್‌ನೆಟ್ ಹಾಯಿಸಿ ನಿಮ್ಮ ಜಾಗ ಮರೆಮಾಡುವ ಆ್ಯಪ್) ಬೇಡ. ಕಾರಣ ಆಮೇಲೆ ಹೇಳುತ್ತೇವೆ, ಮೊದಲು ಕರೆ ಯಾಕೆ ಹೋಗುವುದಿಲ್ಲ ಎಂಬುದನ್ನು ನೋಡೋಣ.

ಮಗನ ಫೋನೂ ಕೆಟ್ಟಿಲ್ಲ, ನಿಮ್ಮದೂ ಕೆಟ್ಟಿಲ್ಲ. ಯುಎಇಯಲ್ಲಿ ಇಂಟರ್‌ನೆಟ್ ಮೂಲಕ ಕರೆ ಸೇವೆ ಕೊಡುವ ಹಕ್ಕು ಪರವಾನಗಿ ಇರುವ ಟೆಲಿಕಾಂ ಕಂಪನಿಗಳದ್ದು, ಅಂದರೆ ಎತಿಸಲಾತ್ ಮತ್ತು ಡು. ಬೇರೆ ಆ್ಯಪ್‌ಗಳು ನಿಯಂತ್ರಣ ಪ್ರಾಧಿಕಾರವಾದ ಟಿಡಿಆರ್‌ಎ ಒಪ್ಪಿದರಷ್ಟೇ ನಡೆಯುತ್ತವೆ. ವಾಯ್ಸ್ ಮೆಸೇಜು ಒಂದು ಫೈಲ್, ಫೋಟೊ ಹೋದ ಹಾಗೆಯೇ ಅದೂ ಹೋಗುತ್ತದೆ. ಕರೆಯಲ್ಲಿ ಎರಡೂ ಕಡೆಯ ಧ್ವನಿ ಆ ಕ್ಷಣದಲ್ಲೇ ಹರಿಯಬೇಕು. ಆ ಹರಿವನ್ನು ಅಲ್ಲಿನ ನೆಟ್‌ವರ್ಕ್ ಗುರುತಿಸಿ ತಡೆಯುತ್ತದೆ. ರಿಂಗ್ ಆಗುವುದಕ್ಕೆ ಸಣ್ಣ ಸಂದೇಶವೊಂದು ತಲುಪಿದರೆ ಸಾಕಾದ್ದರಿಂದ ಅಷ್ಟು ಮಾತ್ರ ಆಗಿ ಮುಂದೆ ಸಾಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಅಲ್ಲಿದ್ದರೂ ಇದೇ ಕಥೆ.

ಭಾವನ ಮಗನ ಫೋನಿನಲ್ಲಿ ಇದ್ದದ್ದು ಬಹುಶಃ ಊರಿನ ಸಿಮ್. ರೋಮಿಂಗ್‌ನಲ್ಲಿ ಡೇಟಾ ಅಲ್ಲಿನ ಟವರ್ ಹಿಡಿದರೂ ಸಾಮಾನ್ಯವಾಗಿ ಊರಿನ ಕಂಪನಿಯ ಗೇಟ್‌ವೇ ಮೂಲಕವೇ ಇಂಟರ್‌ನೆಟ್‌ಗೆ ಹೊರಬೀಳುತ್ತದೆ. ಹಾಗಾಗಿ ಅವನ ಕರೆ ಹೋಯಿತು. ಪ್ರವಾಸದ ನಾಲ್ಕು ದಿನಕ್ಕೆ ಆ ದರ ಸರಿ, ದುಡಿಯಲು ಹೋದವನಿಗೆ ತಿಂಗಳುಗಟ್ಟಲೆ ಅದು ಕಟ್ಟಿಬರುವುದಿಲ್ಲ.

ಹಾಗಾದರೆ ದಾರಿ ಯಾವುದು? ಬೋಟಿಮ್, ಗೋಚಾಟ್, ಝೂಮ್, ಮೈಕ್ರೊಸಾಫ್ಟ್ ಟೀಮ್ಸ್, ಗೂಗಲ್ ಮೀಟ್ ಇವೆಲ್ಲ ಅಲ್ಲಿ ಅನುಮತಿ ಇರುವವು. ಊರಿನಲ್ಲಿ ವಯಸ್ಸಾದವರಿದ್ದರೆ ಗೂಗಲ್ ಮೀಟ್ ಸುಲಭ ಎಂಬುದು ನಮ್ಮ ಅಭಿಪ್ರಾಯ. ಮಗ ಮೀಟ್ ತೆರೆದು ಹೊಸ ಲಿಂಕ್ ಮಾಡಿ ಅದನ್ನು ವಾಟ್ಸಾಪ್‌ನಲ್ಲೇ ಕಳಿಸಲಿ. ನೀವು ಒತ್ತಿ, ಕ್ಯಾಮೆರಾಕ್ಕೂ ಮೈಕಿಗೂ ಅನುಮತಿ ಕೊಟ್ಟು ಒಳಗೆ ಹೋಗಿ. ಒಂದೇ ಲಿಂಕನ್ನು ದಿನವೂ ಬಳಸಬಹುದು, ವಾಟ್ಸಾಪ್ ಚಾಟ್‌ನಲ್ಲಿ ಅದನ್ನು ಪಿನ್ ಮಾಡಿಡಿ. ಇಬ್ಬರೇ ಮಾತಾಡಿದರೆ ಸಮಯದ ಚಿಂತೆಯಿಲ್ಲ, ಮೂವರು ಸೇರಿದರೆ ಉಚಿತ ಖಾತೆಯಲ್ಲಿ 60 ನಿಮಿಷಕ್ಕೆ ಕಡಿಯುತ್ತದೆ. ಝೂಮ್‌ನಲ್ಲಿ ಅದು 40 ನಿಮಿಷ. ಬೋಟಿಮ್ ಆದರೆ ಎರಡೂ ಕಡೆ ಆ್ಯಪ್ ಹಾಕಿ, ನಿಮ್ಮ ನಂಬರಿಗೆ ಬರುವ ಒಟಿಪಿ ಕೊಟ್ಟು ನೋಂದಾಯಿಸಬೇಕು.

ಇನ್ನು ವಿಪಿಎನ್. ಕಂಪನಿ, ಬ್ಯಾಂಕುಗಳು ತಮ್ಮ ಕಚೇರಿ ಕೆಲಸಕ್ಕೆ ಅದನ್ನು ಬಳಸುವುದು ಅಲ್ಲಿ ತಪ್ಪಲ್ಲ. ಆದರೆ 2021ರ 34ನೇ ಸಂಖ್ಯೆಯ ಸೈಬರ್ ಅಪರಾಧ ಕಾನೂನಿನ ಪ್ರಕಾರ, ಅಪರಾಧ ಎಸಗಲು ಅಥವಾ ಅದು ಪತ್ತೆಯಾಗದಂತೆ ಮಾಡಲು ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಫೋನಿನ ಗುರುತು) ಮರೆಮಾಡಿದರೆ ಜೈಲು, ಇಲ್ಲವೇ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಅಥವಾ ಎರಡೂ. ತಡೆಹಿಡಿದ ಕರೆ ಸೇವೆಗೆ ವಿಪಿಎನ್ ಹಾಕಿದವನು ಆ ಗೆರೆಯ ಯಾವ ಕಡೆ ನಿಲ್ಲುತ್ತಾನೆ ಎಂದು ಪರೀಕ್ಷಿಸಲು ಹೋಗಬೇಡಿ. ಅದಲ್ಲದೆ ಉಚಿತ ವಿಪಿಎನ್ ಅಂದರೆ ನಿಮ್ಮ ಇಂಟರ್‌ನೆಟ್ ಸಂಚಾರವೆಲ್ಲ ಯಾರೋ ಅಪರಿಚಿತರ ಸರ್ವರ್ ದಾಟಿ ಹೋಗುವುದು. ಅದೇ ಫೋನಿನಲ್ಲಿ ಅವನ ಸಂಬಳದ ಖಾತೆಯೂ ಇದೆ.

ನೆರೆಯ ದೇಶಗಳಲ್ಲಿ ನಿಯಮ ಬೇರೆ. ಸೌದಿ ಅರೇಬಿಯ 2017ರ ಸೆಪ್ಟೆಂಬರಿನಲ್ಲಿ ಇಂಟರ್‌ನೆಟ್ ಕರೆಯ ನಿರ್ಬಂಧ ತೆಗೆಯಿತು, ಆದರೂ ವಾಟ್ಸಾಪ್ ಕರೆ ಅಲ್ಲಿ ಬಹುಕಾಲ ಸಾಗುತ್ತಿರಲಿಲ್ಲ. ಒಂದು ದೇಶದಲ್ಲಿದ್ದವರ ಅನುಭವ ಕೇಳಿ ಇನ್ನೊಂದರಲ್ಲಿ ನಂಬಬೇಡಿ.

ಪ್ರಶ್ನೆ (ಭಟ್ಕಳದಿಂದ): ಅಣ್ಣ ಹದಿನಾಲ್ಕು ವರ್ಷ ಸೌದಿಯ ಜುಬೈಲ್‌ನಲ್ಲಿದ್ದು ಫೈನಲ್ ಎಕ್ಸಿಟ್‌ನಲ್ಲಿ (ಕೆಲಸ ಮುಗಿಸಿ ಕಾಯಂ ಆಗಿ ಹೊರಡುವ ವೀಸಾ) ಊರಿಗೆ ಬರುತ್ತಿದ್ದಾರೆ. ಅವರ ಸಿಮ್ಮನ್ನು ರೂಮಿನಲ್ಲಿರುವ ಹುಡುಗನಿಗೆ ಕೊಟ್ಟು ಬರಬಹುದೇ? ನಂಬರ್ ಚೆನ್ನಾಗಿದೆ ಅಂತ ಅವನು ಕೇಳುತ್ತಿದ್ದಾನೆ.

ಉತ್ತರ: ಖಂಡಿತ ಕೊಡಬೇಡಿ. ಆ ಹುಡುಗ ಒಳ್ಳೆಯವನೇ ಇರಬಹುದು, ತೊಂದರೆ ಇರುವುದು ಸಿಮ್‌ನ ಹಿಂದಿನ ದಾಖಲೆಯಲ್ಲಿ. ಸೌದಿಯಲ್ಲಿ 2016ರಿಂದ ಸಿಮ್ ಕೊಡುವಾಗ ಬೆರಳಚ್ಚು ಕಡ್ಡಾಯ. ಎಸ್‌ಟಿಸಿ, ಮೊಬೈಲಿ, ಝೈನ್ ಯಾವುದೇ ಆಗಲಿ, ನಂಬರ್ ಇಕಾಮಾಕ್ಕೆ, ಅಂದರೆ ಅಲ್ಲಿನ ವಾಸದ ಪರವಾನಗಿಗೆ, ಕಟ್ಟಿಕೊಂಡಿರುತ್ತದೆ. ಸರ್ಕಾರಿ ಸೇವೆಗಳ ಅಬ್ಶಿರ್, ಡಿಜಿಟಲ್ ಗುರುತಿನ ನಫಾತ್, ಬ್ಯಾಂಕು, ಎಲ್ಲದರ ಒಟಿಪಿ ಅದೇ ನಂಬರಿಗೆ. ಆ ನಂಬರಿನಿಂದ ಯಾರೋ ಮೋಸದ ಕರೆ ಮಾಡಿದರೆ, ಸಾಲ ತೆಗೆದರೆ, ಪೊಲೀಸರಿಗೆ ಮೊದಲು ಸಿಗುವುದು ಅಣ್ಣನ ಹೆಸರು. ಮುಂದೆ ಮೆಕ್ಕಾಕ್ಕೆ ಉಮ್ರಾ ಯಾತ್ರೆಗೆ ಹೋದಾಗ ಇಮಿಗ್ರೇಶನ್ ಕೌಂಟರಿನಲ್ಲಿ ಅದು ಎದ್ದು ನಿಲ್ಲಬಹುದು.

ಹೊರಡುವ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಹಿಂದುಮುಂದಾದರೆ ಕಷ್ಟ. ಹೆಚ್ಚಿನವರು ಮೊದಲು ಸಿಮ್ ರದ್ದು ಮಾಡಿ, ಆಮೇಲೆ ಬ್ಯಾಂಕ್ ಆ್ಯಪ್ ತೆರೆದು, ಒಟಿಪಿ ಬಾರದೆ ಒದ್ದಾಡುತ್ತಾರೆ. ಸಿಮ್ ಕೊನೆಗಿರಲಿ.

ಮೊದಲು ಬ್ಯಾಂಕು. ಕೊನೆಯ ಸಂಬಳ, ಸೇವಾಂತ್ಯದ ಹಣ ಖಾತೆಗೆ ಬಿತ್ತೇ ನೋಡಿ, ಊರಿಗೆ ಕಳಿಸಿ, ಕಾರ್ಡ್ ಬಾಕಿ ತೀರಿಸಿ, ಖಾತೆ ಮುಚ್ಚಿದ ಪತ್ರ ಪಡೆಯಲಿ. ಇಕಾಮಾ ಅವಧಿ ಮುಗಿದರೆ ಖಾತೆ ಸ್ಥಗಿತವಾಗುತ್ತದೆ. ಫೈನಲ್ ಎಕ್ಸಿಟ್ ವೀಸಾ ಕೊಟ್ಟ ಮೇಲೆ ಹೊರಡಲು ಸಾಮಾನ್ಯವಾಗಿ 60 ದಿನ ಇರುವುದರಿಂದ ಮೊದಲ ವಾರದಲ್ಲೇ ಇದನ್ನು ಶುರುಮಾಡಿದರೆ ಗಡಿಬಿಡಿ ಇಲ್ಲ. ಎರಡನೆಯದು ವಾಟ್ಸಾಪ್: ಊರಿನ ಸಿಮ್ಮಿಗೆ ಎಸ್‌ಎಂಎಸ್ ಬರುತ್ತಿರುವಾಗಲೇ ಸೆಟ್ಟಿಂಗ್ಸ್, ಅಕೌಂಟ್, ಚೇಂಜ್ ನಂಬರ್‌ಗೆ ಹೋಗಿ ಸೌದಿ ನಂಬರಿನಿಂದ ಊರಿನ ನಂಬರಿಗೆ ಬದಲಾಯಿಸಲಿ, ಚಾಟ್‌ಗಳು ಉಳಿಯುತ್ತವೆ. ಗೂಗಲ್ ಖಾತೆ, ಫೇಸ್‌ಬುಕ್, ಊರಿನ ಬ್ಯಾಂಕಿನಲ್ಲಿ +966 ನಂಬರ್ ಕೊಟ್ಟಿದ್ದರೆ ಅದನ್ನೂ ಈಗಲೇ.

ಆಮೇಲೆ ಟೆಲಿಕಾಂ ಕಂಪನಿಯ ಅಂಗಡಿಗೆ ಇಕಾಮಾ ಸಹಿತ ಖುದ್ದಾಗಿ ಹೋಗಲಿ. ಪೋಸ್ಟ್‌ಪೇಯ್ಡ್ ಬಿಲ್ಲು, ಕಂತಿನ ಮೇಲೆ ತೆಗೆದ ಫೋನು, ಮನೆಯ ಫೈಬರ್ ಇದ್ದರೆ ರೂಟರ್, ಮೂರನ್ನೂ ತೀರಿಸಿ ‘ಬಾಕಿ ಇಲ್ಲ’ ಎಂಬ ಪತ್ರ ಕೇಳಲಿ. ಪ್ರಿಪೇಯ್ಡ್ ಆದರೂ ಹಾಗೇ ಬಿಟ್ಟು ಬರಬಾರದು, ಹೆಸರಿನಿಂದ ತೆಗೆಸಬೇಕು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಮಾತಿದೆ. ಸೌದಿ ಟೆಲಿಕಾಂ ನಿಯಂತ್ರಕ ಸಿಎಸ್‌ಟಿಯ ‘ಅರ್ಕಾಮಿ’ ಸೇವೆಯಲ್ಲಿ ಇಕಾಮಾದ ಮೇಲೆ ಎಷ್ಟು ನಂಬರ್ ಇವೆ ಎಂದು ನೋಡಬಹುದು. ತಮ್ಮ ಹೆಸರಿನಲ್ಲಿ ಕಂಡು ಕೇಳದ ನಂಬರ್ ಸಿಕ್ಕಿ ಬೆಚ್ಚಿಬಿದ್ದವರು ಕಡಿಮೆಯಲ್ಲ. ಬೀದಿ ಬದಿಯಲ್ಲಿ ಸಿಮ್ ಮಾರುವವನು ‘ಬೆರಳು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಇಡಿ’ ಎಂದಾಗ ಎರಡನೇ ಸಲ ಇಟ್ಟ ಬೆರಳಿಗೆ ಇನ್ನೊಂದು ಸಿಮ್ ಹುಟ್ಟಿಕೊಳ್ಳಬಹುದು. ಅಂಥ ನಂಬರ್ ಕಂಡರೆ ಆಯಾ ಕಂಪನಿಗೆ ದೂರು ಕೊಟ್ಟು ರದ್ದು ಮಾಡಿಸಬೇಕು. ಅಣ್ಣ ಮಾತ್ರವಲ್ಲ, ಅಲ್ಲಿಯೇ ಉಳಿಯುವ ಆ ಹುಡುಗನೂ ಇದನ್ನು ಆಗಾಗ ನೋಡುತ್ತಿರಲಿ. ನಫಾತ್ ಆ್ಯಪ್‌ನಲ್ಲಿ ಕೇಳುವ ಎರಡಂಕಿಯ ಸಂಖ್ಯೆಯನ್ನು ಯಾರೋ ಫೋನಿನಲ್ಲಿ ಹೇಳಿದರೆಂದು ಒತ್ತಲೇಬಾರದು. ಒತ್ತಿದರೆ ನಿಮ್ಮ ಹೆಸರಿನಲ್ಲಿ ಅವರಿಗೆ ಬಾಗಿಲು ತೆರೆದಂತೆ.

ಪ್ರಶ್ನೆ (ಉಡುಪಿ ಮೂಲ, ಈಗ ಮಸ್ಕತ್‌ನಿಂದ): ಊರಿನ ಸಿಮ್ಮಿಗೆ ಬ್ಯಾಂಕಿನ ಒಟಿಪಿ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಯುಪಿಐ ಕೂಡ ಹೊಸ ಫೋನಿನಲ್ಲಿ ಕೆಲಸ ಮಾಡುತ್ತಿಲ್ಲ.

ಉತ್ತರ: ಎರಡು ಬೇರೆ ಬೇರೆ ತೊಂದರೆಗಳಿವು.

ಒಟಿಪಿಗೆ ಡೇಟಾ ಬೇಕಿಲ್ಲ, ಸಿಮ್ ಅಲ್ಲಿನ ಯಾವುದೋ ನೆಟ್‌ವರ್ಕಿನಲ್ಲಿ ನೋಂದಣಿಯಾಗಿದ್ದರೆ ಸಾಕು. ಆದ್ದರಿಂದ ಊರಿನ ಸಿಮ್ಮಿಗೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಇರಲಿ, ಡೇಟಾ ರೋಮಿಂಗ್ ಆಫ್ ಇರಲಿ. ಕೆಲವು ಪ್ರಿಪೇಯ್ಡ್‌ಗಳಲ್ಲಿ ರೋಮಿಂಗ್‌ಗೆಂದೇ ಬೇರೆ ರೀಚಾರ್ಜ್ ಬೇಕು, ಊರು ಬಿಡುವ ಮೊದಲೇ ಕೇಳಿಕೊಳ್ಳುವುದು ಲೇಸು. ಒಟಿಪಿ ಬಾರದಿದ್ದಾಗ ನೆಟ್‌ವರ್ಕ್ ಆಯ್ಕೆಯನ್ನು ಆಟೊಮ್ಯಾಟಿಕ್‌ನಿಂದ ತೆಗೆದು ಒಮಾನ್‌ಟೆಲ್, ಉರೀಡೂ, ವೊಡಾಫೋನ್ ಇವುಗಳಲ್ಲಿ ಈಗಿರುವುದನ್ನು ಬಿಟ್ಟು ಮತ್ತೊಂದನ್ನು ಆರಿಸಿ. ನಿಮ್ಮ ಕಂಪನಿಗೆ ಅದರ ಜತೆ ಒಪ್ಪಂದ ಇಲ್ಲದಿದ್ದರೆ ಫೋನು ಹಿಡಿಯುವುದಿಲ್ಲ, ಆಗ ಇನ್ನೊಂದನ್ನು ನೋಡಿ. ಹಿಡಿದ ಮೇಲೆ ಎರಡು ನಿಮಿಷ ಕಾದು ಒಟಿಪಿ ಮತ್ತೆ ಕೇಳಿ. ಮೇಲಿಂದ ಮೇಲೆ ಕೇಳಿದರೆ ಹಳೆಯವು ತಡವಾಗಿ ಬಂದು, ಯಾವುದು ಹೊಸದೆಂದು ತಿಳಿಯದೆ ತಪ್ಪು ಹಾಕಿ ಖಾತೆ ಲಾಕ್ ಆಗುತ್ತದೆ.

ಸಿಮ್ ಜೀವಂತ ಇಡಬೇಕು. ನಮ್ಮ ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ 90 ದಿನ ಬಳಕೆಯೇ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು, ಆಮೇಲೆ ಅದು ಬೇರೆಯವರ ಕೈಗೆ ಹೋಗುತ್ತದೆ, ನಿಮ್ಮ ಒಟಿಪಿಯೂ ಅವರಿಗೇ. 2024ರ ಡಿಸೆಂಬರಿನ ಟ್ರಾಯ್ ತಿದ್ದುಪಡಿಯ ನಂತರ ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್‌ಎಂಎಸ್‌ನ ಪ್ಯಾಕ್‌ಗಳು 365 ದಿನದ ಅವಧಿಗೂ ಸಿಗುತ್ತಿವೆ. ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು.

ಯುಪಿಐ ಕೆಡಲು ಕಾರಣ ಹೊಸ ಫೋನು. ನೋಂದಣಿಯ ಹೊತ್ತಿಗೆ ಆ್ಯಪ್ ನಿಮ್ಮ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಹೊರಗೆ ಕಳಿಸುತ್ತದೆ. ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ದುಡ್ಡಿಲ್ಲ, ಹೋಗುವುದಕ್ಕಿದೆ. ಬ್ಯಾಲೆನ್ಸ್ ಇಲ್ಲದಿದ್ದರೆ ಅಲ್ಲೇ ನಿಂತುಹೋಗುತ್ತದೆ. ಫೋನು ಬದಲಿಸುವ ಕೆಲಸವನ್ನು ಊರಿಗೆ ಬಂದಾಗ ಇಟ್ಟುಕೊಳ್ಳಿ. ಅಥವಾ ಒಮಾನ್ ನಂಬರಿನಲ್ಲೇ ಯುಪಿಐ ಮಾಡಿಕೊಳ್ಳಬಹುದು. 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹತ್ತು ದೇಶಗಳ ನಂಬರಿಗೆ ಅವಕಾಶ ಕೊಟ್ಟಿತು. ಗಲ್ಫ್‌ನಲ್ಲಿ ಒಮಾನ್, ಕತಾರ್, ಸೌದಿ, ಯುಎಇ ಅದರಲ್ಲಿದ್ದವು, ಕುವೈತ್, ಬಹ್ರೈನ್ ಇರಲಿಲ್ಲ. ಇದಕ್ಕೆ ಅನಿವಾಸಿ ಭಾರತೀಯರಿಗಿರುವ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಬೇಕು, ಅದರಲ್ಲಿ +968 ನಂಬರ್ ನೋಂದಣಿಯಾಗಿರಬೇಕು. ಹಳೆಯ ಉಳಿತಾಯ ಖಾತೆಯೇ ಇನ್ನೂ ನಡೆಯುತ್ತಿದ್ದರೆ, ಅನಿವಾಸಿಯಾದ ಮೇಲೆ ಅದನ್ನು ಎನ್‌ಆರ್‌ಒ ಮಾಡಿಸುವುದು ವಿದೇಶಿ ವಿನಿಮಯ ಕಾನೂನು ಫೆಮಾ ಪ್ರಕಾರ ಹೇಗೂ ಆಗಬೇಕಾದ ಕೆಲಸ.

ಪ್ರಶ್ನೆ (ಮಂಗಳೂರಿನಿಂದ): ಯುಎಇಯಲ್ಲಿ ಎರಡೇ ಕಂಪನಿ ಯಾಕೆ? ನಮ್ಮ ಹಾಗೆ ದರ ಇಳಿಯುವುದಿಲ್ಲವೇ?

ಉತ್ತರ: ಎತಿಸಲಾತ್ 1976ರಲ್ಲಿ ಹುಟ್ಟಿತು, ಡು ಬಂದದ್ದು 2006ರಲ್ಲಿ. ನಡುವಿನ ಮೂವತ್ತು ವರ್ಷ ಒಂದೇ ಕಂಪನಿ. 2017ರಲ್ಲಿ ಬಂದ ವರ್ಜಿನ್ ಮೊಬೈಲ್ ಕೂಡ ಡು ಸಂಸ್ಥೆಯದ್ದೇ ಇನ್ನೊಂದು ಬ್ರ್ಯಾಂಡು. ಎರಡರಲ್ಲೂ ಅತಿ ದೊಡ್ಡ ಪಾಲು ಸರ್ಕಾರದ ಹೂಡಿಕೆ ಸಂಸ್ಥೆಯದ್ದು. ದರ ಕಡಿದು ಪರಸ್ಪರ ಮುಳುಗಿಸುವ ಪೈಪೋಟಿಗೆ ಅಲ್ಲಿ ಕಾರಣವೇ ಇಲ್ಲ. 2013ರ ಕೊನೆಯಿಂದ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಬಹುದು. ಆ ಮಾತೆತ್ತಿದರೆ ಇರುವ ಕಂಪನಿಯೇ ಒಳ್ಳೆಯ ಪ್ಲ್ಯಾನ್ ಮುಂದಿಡುವುದುಂಟು, ಕೇಳಿ ನೋಡಿ.

ಗಲ್ಫ್‌ನ ಕಂಪನಿಗಳು ನಮಗೆ ದೂರದವೇನಲ್ಲ. ಎತಿಸಲಾತ್ ಭಾರತದಲ್ಲಿ ಎತಿಸಲಾತ್ ಡಿಬಿ ಎಂಬ ಹೆಸರಿನಲ್ಲಿ ಕಾಲಿಟ್ಟಿತ್ತು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು 2ಜಿ ಪ್ರಕರಣದಲ್ಲಿ 122 ಲೈಸೆನ್ಸ್ ರದ್ದು ಮಾಡಿದಾಗ ಅದೂ ಹೋಯಿತು. ಕುವೈತ್‌ನ ಝೈನ್ ತನ್ನ ಆಫ್ರಿಕಾದ ವ್ಯವಹಾರವನ್ನು 2010ರಲ್ಲಿ 1,070 ಕೋಟಿ ಡಾಲರಿಗೆ ಮಾರಿದ್ದು ನಮ್ಮ ಏರ್‌ಟೆಲ್‌ಗೆ.

ಪ್ರಶ್ನೆ (ಕಲಬುರಗಿಯಿಂದ): ಅಪ್ಪಾಜಿ, ಅಮ್ಮ ಇಬ್ಬರೂ ಉಮ್ರಾಕ್ಕೆ ಹೊರಟಿದ್ದಾರೆ. ಫೋನಿನ ವ್ಯವಸ್ಥೆ ಹೇಗೆ ಮಾಡಲಿ?

ಉತ್ತರ: ಜಿದ್ದಾ ವಿಮಾನ ನಿಲ್ದಾಣದಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಕೌಂಟರುಗಳಿವೆ. ಪಾಸ್‌ಪೋರ್ಟು, ವೀಸಾ ತೋರಿಸಿ ಬೆರಳಚ್ಚು ಕೊಡಬೇಕು. ಇಬ್ಬರಿಗೂ ಬೇರೆ ಬೇರೆ ಸಿಮ್ ಕೊಡಿಸಿ. ಜನಜಂಗುಳಿಯಲ್ಲಿ ಬೇರೆಯಾದಾಗ ಒಂದೇ ಸಿಮ್ ಏನೂ ಪ್ರಯೋಜನಕ್ಕೆ ಬರುವುದಿಲ್ಲ. ಬರೀ ಡೇಟಾದ ಇ-ಸಿಮ್ಮಿನಲ್ಲಿ ಸ್ಥಳೀಯ ನಂಬರ್ ಇರುವುದಿಲ್ಲ, ಹೋಟೆಲ್ಲಿನವರು ಕರೆ ಮಾಡಲಾರರು. ಯಾತ್ರಿಕರಿಗೆಂದು ಸೌದಿ ಸರ್ಕಾರ ಮಾಡಿದ ನುಸುಕ್ ಆ್ಯಪ್ಪನ್ನು ಊರಿನಲ್ಲೇ ಇಳಿಸಿಕೊಂಡು ನೋಂದಾಯಿಸಿ. ಮದೀನಾದ ಪ್ರವಾದಿ ಮಸೀದಿಯೊಳಗಿನ ರೌಝಾಕ್ಕೆ ಅದರಲ್ಲೇ ಪರವಾನಗಿ ಪಡೆಯಬೇಕು, ಅದು ಸಾಮಾನ್ಯವಾಗಿ 365 ದಿನಕ್ಕೆ ಒಂದೇ ಸಲ, ಆದ್ದರಿಂದ ದಿನ ನೋಡಿಯೇ ಬುಕ್ ಮಾಡಿ.

ನಮಾಝ್ ಮುಗಿದ ಹೊತ್ತಿಗೆ ಸಾವಿರಾರು ಜನ ಒಟ್ಟಿಗೆ ಫೋನ್ ಎತ್ತಿದಾಗ ಟವರ್ ತುಂಬಿ ಕರೆ ಸಿಗುವುದಿಲ್ಲ. ಆಗ ಎಸ್‌ಎಂಎಸ್ ಕಳಿಸಲು ಈಗಲೇ ಕಲಿಸಿಕೊಡಿ. ಅದಕ್ಕೆ ಬೇಕಾದ ಜಾಗ ತೀರಾ ಕಡಿಮೆಯಾದ್ದರಿಂದ ತಡವಾದರೂ ತಲುಪುತ್ತದೆ. ವಾಟ್ಸಾಪ್ ಲೈವ್ ಲೊಕೇಶನ್ ಅನ್ನು ಹೋಟೆಲ್ಲಿನಿಂದ ಹೊರಡುವಾಗಲೇ 8 ಗಂಟೆಗೆ ಹಾಕಿಕೊಳ್ಳಲಿ. ಟವರ್ ಹುಡುಕುತ್ತ ಬ್ಯಾಟರಿ ಬೇಗ ಇಳಿಯುತ್ತದೆ, 10,000 ಎಂಎಎಚ್ ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ವಿಮಾನದಲ್ಲಿ ಅದನ್ನು ಲಗೇಜಿಗೆ ಹಾಕುವಂತಿಲ್ಲ. ಅಲ್ಲಿನ ಸಾಕೆಟ್ಟು ಮೂರು ಚಪ್ಪಟೆ ಪಿನ್ನಿನದು, ನಮ್ಮ ದುಂಡು ಪಿನ್ನಿನ ಚಾರ್ಜರ್ ಹೋಗುವುದಿಲ್ಲ. ಅಡಾಪ್ಟರ್ ಎರಡು ಕೊಳ್ಳಿ. ಹೋಟೆಲ್ಲಿನ ಹೆಸರು, ನಿಮ್ಮ ನಂಬರ್, ಇಬ್ಬರ ಸೌದಿ ನಂಬರ್, ಇವಿಷ್ಟನ್ನು ಕಾಗದದಲ್ಲಿ ಬರೆದು ಇಬ್ಬರ ಜೇಬಿನಲ್ಲೂ ಇಡಿ.

ಪ್ರಶ್ನೆ (ಬೆಂಗಳೂರಿನಿಂದ): ಆರು ತಿಂಗಳ ಕೆಲಸಕ್ಕೆ ಇಸ್ತಾಂಬುಲ್‌ಗೆ ಹೋಗುತ್ತಿದ್ದೇನೆ. ನಾಲ್ಕು ತಿಂಗಳಿಗೆ ಫೋನ್ ಬ್ಲಾಕ್ ಆಗುತ್ತದಂತೆ, ನಿಜವೇ?

ಉತ್ತರ: ನಿಜ. ಟರ್ಕಿಯ ಸಿಮ್ ಹಾಕಿದ ವಿದೇಶಿ ಫೋನಿನ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ನೋಂದಣಿಯಾಗದಿದ್ದರೆ 120 ದಿನದ ನಂತರ ಅಲ್ಲಿನ ನೆಟ್‌ವರ್ಕುಗಳು ಅದನ್ನು ಹಿಡಿಯುವುದಿಲ್ಲ. ನೋಂದಣಿ ಶುಲ್ಕ ಹತ್ತಾರು ಸಾವಿರ ಲಿರಾ, ಆರು ತಿಂಗಳಿಗೆ ಅಷ್ಟು ಸುರಿಯುವುದು ವ್ಯರ್ಥ. ಎರಡು ಸಿಮ್ಮಿನ ಫೋನಿಗೆ ಎರಡು ಐಎಂಇಐ ಇರುವುದರಿಂದ ಆ ಸಿಮ್ಮನ್ನು ಇನ್ನೊಂದು ಸ್ಲಾಟಿಗೆ ಹಾಕಿ ದಿನ ತಳ್ಳುವವರಿದ್ದಾರೆ, ಅದನ್ನು ನಂಬಿ ಕೂರಬೇಡಿ. ಅಲ್ಲೇ ಅಗ್ಗದ ಫೋನೊಂದನ್ನು ಕೊಂಡು, ಟರ್ಕಿಯ ಸಿಮ್ಮನ್ನು ಅದಕ್ಕೆ ಹಾಕಿ, ಹಾಟ್‌ಸ್ಪಾಟ್ ಮೂಲಕ ನಿಮ್ಮ ಫೋನಿಗೆ ಇಂಟರ್‌ನೆಟ್ ಕೊಡಿ. ವೈಫೈಗೆ ಈ ನಿರ್ಬಂಧ ಇಲ್ಲ. ಊರಿನ ಸಿಮ್ ರೋಮಿಂಗ್‌ನಲ್ಲಿ ನಿಮ್ಮ ಫೋನಿನಲ್ಲೇ ಮುಂದುವರಿಯುತ್ತದೆ, ಒಟಿಪಿ ಬರುತ್ತಿರುತ್ತದೆ.